ಸೋಲಿಗೆ ಮ್ಯಾನೇಜರ್ ಎಷ್ಟು ಹೊಣೆ? ಒಂದು ಫುಟ್‌ಬಾಲ್ ಜಗಳದ ಲೆಕ್ಕಾಚಾರ

ವೀಕೆಂಡ್ ರಾತ್ರಿ ಹಾಸ್ಟೆಲ್ ಟಿವಿ ರೂಮಿನಲ್ಲಿ ಪ್ರೀಮಿಯರ್ ಲೀಗ್ ನೋಡಿದವರಿಗೆ ಈ ಜಗಳ ಹೊಸದಲ್ಲ. ಟೀಮ್ ಸತತ ಮೂರನೇ ಮ್ಯಾಚ್ ಸೋತಿರುತ್ತೆ. "ಮೊದ್ಲು ಆ ಮ್ಯಾನೇಜರ್‌ನ ಕಿತ್ತು ಹಾಕ್ಬೇಕು ಮಗಾ" ಅಂತ ಒಬ್ಬ. "ಖಾಲಿ ಗೋಲ್ ಮುಂದೆ ನಿಂತು ಆಕಾಶಕ್ಕೆ ಒದ್ದವನು ಸ್ಟ್ರೈಕರ್, ಅದಕ್ಕೆ ಮ್ಯಾನೇಜರ್ ಏನ್ ಮಾಡ್ತಾನೆ?" ಅಂತ ಇನ್ನೊಬ್ಬ. "ಇಬ್ರೂ ಅಲ್ಲ, ದುಡ್ಡು ಬಿಚ್ಚದ ಓನರ್‌ಗಳದ್ದೇ ತಪ್ಪು" ಅಂತ ಮೂರನೆಯವನು. ವಾರ್ಡನ್ ಬಂದು ಟಿವಿ ಆಫ್ ಮಾಡುವವರೆಗೆ ಜಗಳ ನಡೆಯುತ್ತೆ, ಮುಂದಿನ ವಾರ ಅಲ್ಲಿಂದಲೇ ಮತ್ತೆ ಶುರುವಾಗುತ್ತೆ.

ಈ ಜಗಳದಲ್ಲಿ ಯಾರೂ ಗೆಲ್ಲದಿರೋದಕ್ಕೆ ಒಂದು ಕಾರಣ ಇದೆ. ಎಲ್ಲರೂ ಅಭಿಪ್ರಾಯ ಹೇಳ್ತೀವಿ, ಅಳತೆ ಮಾಡೋಲ್ಲ. ಆದರೆ ಇದು ಅಳೆಯಬಹುದಾದ ಪ್ರಶ್ನೆ. ಮೂರನೇ ಸೆಮ್‌ನ ಪ್ರಾಬಬಿಲಿಟಿ ಪಾಠ ನೆನಪಿದ್ದರೆ ಸಾಕು. ಈ ಲೇಖನದಲ್ಲಿ ಕೆಲವು ನಿಜವಾದ ಪ್ರಕರಣಗಳನ್ನು ಇಟ್ಟುಕೊಂಡು, ಸೋಲಿಗೆ ಮ್ಯಾನೇಜರ್ ಎಷ್ಟು ಹೊಣೆ ಅಂತ ಹೇಗೆ ಯೋಚಿಸಬೇಕು ಅನ್ನೋದನ್ನು ನೋಡೋಣ.

ಮ್ಯಾನೇಜರ್ ಕೈಯಲ್ಲಿ ಇರೋದೇನು?

ಮೊದಲು ಜವಾಬ್ದಾರಿಯನ್ನು ಬಿಡಿಸಿ ಇಡೋಣ. ಆಡುವ ಹನ್ನೊಂದು ಜನರ ಆಯ್ಕೆ, ಆಟದ ವಿನ್ಯಾಸ, ವಾರವಿಡೀ ನಡೆಯುವ ತರಬೇತಿ, ಯಾರಿಗೆ ಯಾವಾಗ ವಿಶ್ರಾಂತಿ, ಪಂದ್ಯದ ನಡುವೆ ಮಾಡುವ ಬದಲಾವಣೆ, ಡ್ರೆಸ್ಸಿಂಗ್ ರೂಮಿನ ವಾತಾವರಣ: ಇವು ಬಹುಮಟ್ಟಿಗೆ ಮ್ಯಾನೇಜರ್ ಕೈಯಲ್ಲಿವೆ.

ಆಟಗಾರರ ಖರೀದಿ ಅರ್ಧಂಬರ್ಧ. ಇವತ್ತಿನ ದೊಡ್ಡ ಕ್ಲಬ್‌ಗಳಲ್ಲಿ ಅದಕ್ಕೆಂದೇ ಸ್ಪೋರ್ಟಿಂಗ್ ಡೈರೆಕ್ಟರ್, ಸ್ಕೌಟ್‌ಗಳು ಇರ್ತಾರೆ. ಸಂಬಳದ ಬಜೆಟ್, ಗಾಯ, ಎದುರಾಳಿಗಳ ಬಲ, ರೆಫರಿ ತೀರ್ಪು, ಪೋಸ್ಟ್‌ಗೆ ಬಡಿದು ಹೊರಗೆ ಹೋದ ಚೆಂಡು ಇವ್ಯಾವುವೂ ಅವನ ಕೈಯಲ್ಲಿಲ್ಲ.

ಇದರಲ್ಲಿ ಸಂಬಳದ ಬಜೆಟ್ ಎಷ್ಟು ಮುಖ್ಯ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸೈಮನ್ ಕೂಪರ್ ಮತ್ತು ಸ್ಟೆಫಾನ್ ಶಿಮಾನ್ಸ್ಕಿ ತಮ್ಮ 'ಸಾಕರ್‌ನಾಮಿಕ್ಸ್' ಪುಸ್ತಕದಲ್ಲಿ ಇಂಗ್ಲೆಂಡಿನ ಕ್ಲಬ್‌ಗಳ ಹಲವು ವರ್ಷಗಳ ಸರಾಸರಿ ತೆಗೆದು ನೋಡಿದರು. ಆಟಗಾರರ ಸಂಬಳಕ್ಕೆ ಕ್ಲಬ್ ಮಾಡುವ ಖರ್ಚೊಂದೇ ಲೀಗ್ ಸ್ಥಾನಗಳ ವ್ಯತ್ಯಾಸದ ಸುಮಾರು 90% ಭಾಗವನ್ನು ವಿವರಿಸುತ್ತೆ ಅಂತ ಕಂಡಿತು. ಒಂದೇ ಸೀಸನ್ ತಗೊಂಡರೆ ಈ ಸಂಬಂಧ ಇಷ್ಟು ಗಟ್ಟಿ ಇರೋಲ್ಲ, ಆದರೆ ದೀರ್ಘಾವಧಿಯಲ್ಲಿ ದುಡ್ಡೇ ಮಾತಾಡುತ್ತೆ. ಅಂದರೆ ಮ್ಯಾನೇಜರ್‌ಗೆ ಉಳಿಯೋದು ಆ ಮಿಕ್ಕ ಭಾಗದಲ್ಲಿ ಒಂದು ಪಾಲು. ಅದು ಸಣ್ಣದು, ಆದರೆ ಸೊನ್ನೆ ಅಲ್ಲ. ಈ ವ್ಯತ್ಯಾಸ ಕೊನೆಯವರೆಗೂ ನೆನಪಿರಲಿ.

ಲೆಸ್ಟರ್: ಒಂಬತ್ತು ತಿಂಗಳಲ್ಲಿ ಹೀರೋ ಇಂದ ಝೀರೋ

2015-16ರಲ್ಲಿ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಿದ್ದು ಎಲ್ಲರಿಗೂ ಗೊತ್ತು. ಸೀಸನ್ ಶುರುವಿನಲ್ಲಿ ಬೆಟ್ಟಿಂಗ್ ಕಂಪನಿಗಳು ಅವರಿಗೆ 5000ಕ್ಕೆ 1 ದರ ಕೊಟ್ಟಿದ್ದವು. ಮ್ಯಾನೇಜರ್ ಕ್ಲಾಡಿಯೊ ರಾನಿಯೇರಿ ದೇವರಾಗಿಬಿಟ್ಟರು. 2017ರ ಜನವರಿಯಲ್ಲಿ ಫಿಫಾ ಅವರಿಗೆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಕೊಟ್ಟಿತು.

ಅದೇ ವರ್ಷ ಫೆಬ್ರವರಿ 23ರಂದು ಕ್ಲಬ್ ಅವರನ್ನು ಕೆಲಸದಿಂದ ತೆಗೆಯಿತು.

ಆಗ ಲೆಸ್ಟರ್ 25 ಮ್ಯಾಚ್‌ಗಳಲ್ಲಿ ಬರೀ 21 ಪಾಯಿಂಟ್ ಗಳಿಸಿತ್ತು, ರೆಲಿಗೇಷನ್ ವಲಯಕ್ಕಿಂತ ಒಂದೇ ಪಾಯಿಂಟ್ ಮೇಲಿತ್ತು. ಸಹಾಯಕರಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಜವಾಬ್ದಾರಿ ತಗೊಂಡರು. ಮೊದಲ ಮ್ಯಾಚ್‌ನಲ್ಲೇ ಲಿವರ್‌ಪೂಲ್ ವಿರುದ್ಧ 3-1 ಗೆಲುವು. ಲೀಗ್‌ನಲ್ಲಿ ಸತತ ಐದು ಗೆಲುವು. ಉಳಿದ 13 ಮ್ಯಾಚ್‌ಗಳಲ್ಲಿ 23 ಪಾಯಿಂಟ್ ಬಂತು, ಟೀಮ್ 12ನೇ ಸ್ಥಾನಕ್ಕೆ ಏರಿತು.

ನೋಡಿದ್ರಾ, ಮ್ಯಾನೇಜರ್ ಬದಲಾಯಿಸಿದ ಕೂಡಲೇ ಎಲ್ಲ ಸರಿಹೋಯ್ತು! ಜಗಳ ಮುಗೀತು ಅಂತ ಅನ್ನಿಸಬಹುದು. ಆದರೆ ಕಥೆ ಇನ್ನೂ ಇದೆ. ಶೇಕ್ಸ್‌ಪಿಯರ್ ಅವರನ್ನು 2017ರ ಜೂನ್‌ನಲ್ಲಿ ಕಾಯಂ ಮಾಡಿದರು. ಮುಂದಿನ ಸೀಸನ್‌ನ ಮೊದಲ 8 ಮ್ಯಾಚ್‌ಗಳಲ್ಲಿ ಟೀಮ್‌ಗೆ ಸಿಕ್ಕಿದ್ದು 6 ಪಾಯಿಂಟ್. ಅಕ್ಟೋಬರ್‌ನಲ್ಲಿ ಅವರನ್ನೂ ತೆಗೆದರು. ಫೆಬ್ರವರಿಯಲ್ಲಿ ಟೀಮ್ ಉಳಿಸಿದ ಮನುಷ್ಯ ಅಕ್ಟೋಬರ್ ಹೊತ್ತಿಗೆ ಟೀಮ್ ಮುಳುಗಿಸಿದವನಾದ.

ಈಗ ನಾಲ್ಕು ಸೀಸನ್‌ಗಳ ಪಾಯಿಂಟ್ ಒಟ್ಟಿಗೆ ಬರೆದುಕೊಳ್ಳಿ:

2014-15: 41
2015-16: 81
2016-17: 44
2017-18: 47

ನಾಲ್ಕು ಸೀಸನ್, ಹಲವು ಮ್ಯಾನೇಜರ್‌ಗಳು. ಲ್ಯಾಬ್‌ನಲ್ಲಿ ಈ ರೀಡಿಂಗ್ ಬಂದಿದ್ದರೆ ನೀವು ಯಾವುದಕ್ಕೆ ವೃತ್ತ ಹಾಕ್ತಿದ್ರಿ? ಖಂಡಿತ 81ಕ್ಕೆ. ಆದರೆ ಅಭಿಮಾನಿಗಳು, ಪತ್ರಿಕೆಗಳು ಎಲ್ಲರೂ ಕೇಳಿದ ಪ್ರಶ್ನೆ "2016-17ರಲ್ಲಿ ಏನು ಕೆಟ್ಟುಹೋಯ್ತು?" ಅಂತ. ನಿಜವಾಗಿ ಕೇಳಬೇಕಾಗಿದ್ದು "2015-16ರಲ್ಲಿ ಏನೇನೆಲ್ಲ ಒಟ್ಟಿಗೆ ಸರಿಹೋಗಿತ್ತು?" ಅಂತ. ಜೊತೆಗೆ, ಆ ಗೆಲುವಿನ ಇಂಜಿನ್ ಆಗಿದ್ದ ಎನ್ಗೋಲೊ ಕಾಂಟೆಯನ್ನು 2016ರ ಬೇಸಿಗೆಯಲ್ಲಿ ಚೆಲ್ಸಿಗೆ ಮಾರಿದ್ದರು. ಮುಂದಿನ ಸೀಸನ್ ಚಾಂಪಿಯನ್ ಆದದ್ದು ಚೆಲ್ಸಿ.

ಇಂಟರ್ನಲ್ಸ್ ಮತ್ತು ಬೈಗುಳ

ಇಲ್ಲಿ ಕೆಲಸ ಮಾಡ್ತಿರೋ ತತ್ವದ ಹೆಸರು ರಿಗ್ರೆಷನ್ ಟು ದ ಮೀನ್. ಕನ್ನಡದಲ್ಲಿ ಸರಾಸರಿಯ ಕಡೆಗೆ ಮರಳುವುದು ಅನ್ನಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರ ಅಳೆಯುವಾಗ ಇದನ್ನು ಗುರುತಿಸಿದ. ತುಂಬಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸರಾಸರಿಯಾಗಿ ಅಪ್ಪ ಅಮ್ಮನಷ್ಟು ಅಲ್ಲ.

ನಮಗೆ ಹತ್ತಿರದ ಉದಾಹರಣೆ ತಗೊಳ್ಳೋಣ. ಮೊದಲ ಇಂಟರ್ನಲ್ಸ್‌ನಲ್ಲಿ ಅತಿ ಕಡಿಮೆ ಮಾರ್ಕ್ಸ್ ಬಂದ ಹತ್ತು ಜನರನ್ನು ಮೇಷ್ಟ್ರು ನಿಲ್ಲಿಸಿ ಬೈತಾರೆ. ಎರಡನೇ ಇಂಟರ್ನಲ್ಸ್‌ನಲ್ಲಿ ಆ ಹತ್ತು ಜನರ ಸರಾಸರಿ ಮೇಲೇರುತ್ತೆ. ಬೈದದ್ದು ಕೆಲಸ ಮಾಡ್ತು ಅಂತ ಮೇಷ್ಟ್ರಿಗೆ ಖುಷಿ. ಆದರೆ ಯೋಚಿಸಿ. ಮಾರ್ಕ್ಸ್ ಅಂದರೆ ಒಂದಷ್ಟು ಓದು, ಒಂದಷ್ಟು ಅದೃಷ್ಟ. ತಳದ ಹತ್ತರಲ್ಲಿ ಓದದವರೂ ಇದ್ದರು, ಜೊತೆಗೆ ಅವತ್ತು ಜ್ವರ ಬಂದವರು, ಓದಿದ ಮಾಡ್ಯೂಲ್ ಬಿಟ್ಟು ಬೇರೆಯದರಿಂದ ಪ್ರಶ್ನೆ ಬಂದವರು ಕೂಡ ಸೇರಿಕೊಂಡಿದ್ದರು. ಎಲ್ಲರ ದುರಾದೃಷ್ಟವೂ ಮತ್ತೆ ಅದೇ ಪ್ರಮಾಣದಲ್ಲಿ ಬರೋದಿಲ್ಲ. ಹಾಗಾಗಿ ಬೈದರೂ ಬೈಯದಿದ್ದರೂ ಸರಾಸರಿ ಸ್ವಲ್ಪ ಏರಲೇಬೇಕು.

ಮ್ಯಾನೇಜರ್‌ನ ತೆಗೆಯೋದು ಯಾವಾಗ? ಟೀಮ್ ಅತಿ ಕೆಟ್ಟ ಹಂತದಲ್ಲಿ ಇದ್ದಾಗ. ಅಂದರೆ ಸಾಮರ್ಥ್ಯದ ಕೊರತೆ ಮತ್ತು ದುರಾದೃಷ್ಟ ಎರಡೂ ಕೂಡಿಕೊಂಡಾಗ. ಆಮೇಲೆ ಯಾರು ಬಂದು ಕೂತರೂ ಅರ್ಧ ಕೆಲಸ ಸರಾಸರಿಯೇ ಮಾಡಿಕೊಡುತ್ತೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಹೊಸ ಮ್ಯಾನೇಜರ್ ಎಷ್ಟೋ ಸಲ ಆ ಕಾಗೆ.

ಡಾರ್ಟ್ಮಂಡ್: ತೆಗೆಯದೇ ಇದ್ದರೆ?

ಇದೇನೋ ತರ್ಕ ಸರಿ, ಆದರೆ ತೆಗೆಯದೇ ಇದ್ದ ಟೀಮ್ ಕೂಡ ಚೇತರಿಸಿಕೊಳ್ಳುತ್ತೆ ಅನ್ನೋದಕ್ಕೆ ಪುರಾವೆ ಏನು ಅಂತ ಕೇಳಬಹುದು. ಜರ್ಮನಿಯ ಬೊರೂಸಿಯಾ ಡಾರ್ಟ್ಮಂಡ್‌ನ 2014-15ರ ಸೀಸನ್ ನೋಡಿ. ಮ್ಯಾನೇಜರ್ ಯೂರ್ಗನ್ ಕ್ಲಾಪ್. 2011, 2012ರಲ್ಲಿ ಬುಂಡೆಸ್‌ಲೀಗಾ ಗೆಲ್ಲಿಸಿದವರು, 2013ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಕರೆದುಕೊಂಡು ಹೋದವರು.

ಆ ಸೀಸನ್‌ನ ಮೊದಲ 17 ಮ್ಯಾಚ್‌ಗಳಲ್ಲಿ ಡಾರ್ಟ್ಮಂಡ್ ಗೆದ್ದಿದ್ದು ನಾಲ್ಕು, ಸೋತಿದ್ದು ಹತ್ತು. 15 ಪಾಯಿಂಟ್, 18 ಟೀಮ್‌ಗಳಲ್ಲಿ 17ನೇ ಸ್ಥಾನ. ಫೆಬ್ರವರಿಯಲ್ಲಿ ಸ್ವಂತ ಮೈದಾನದಲ್ಲಿ ಆಗ್ಸ್‌ಬರ್ಗ್ ವಿರುದ್ಧ ಸೋತು ಕಟ್ಟಕಡೆಯ ಸ್ಥಾನದಲ್ಲಿದ್ದಾಗ ಅಭಿಮಾನಿಗಳು ಸಿಟ್ಟಿನಿಂದ ಕೂಗಿದರು. ಗೋಲ್‌ಕೀಪರ್ ವೈಡನ್‌ಫೆಲರ್ ಮತ್ತು ನಾಯಕ ಹುಮ್ಮೆಲ್ಸ್ ಬೇಲಿ ಹತ್ತಿರ ಹೋಗಿ ಅವರನ್ನು ಸಮಾಧಾನ ಮಾಡಬೇಕಾಯ್ತು.

ಕ್ಲಬ್ ಕ್ಲಾಪ್ ಅವರನ್ನು ತೆಗೆಯಲಿಲ್ಲ. ಉಳಿದ 17 ಮ್ಯಾಚ್‌ಗಳಲ್ಲಿ ಡಾರ್ಟ್ಮಂಡ್ 31 ಪಾಯಿಂಟ್ ಗಳಿಸಿ ಒಟ್ಟು 46ರೊಂದಿಗೆ 7ನೇ ಸ್ಥಾನದಲ್ಲಿ ಮುಗಿಸಿತು. ಅದೇ ಮ್ಯಾನೇಜರ್, ಹೆಚ್ಚುಕಡಿಮೆ ಅದೇ ಆಟಗಾರರು, ಪಾಯಿಂಟ್ ಎರಡು ಪಟ್ಟು. ನಡುವೆ ಹೊಸ ಮ್ಯಾನೇಜರ್ ಬಂದಿದ್ದರೆ ಇವತ್ತು ಆ ಹೆಸರಿನ ಪ್ರತಿಮೆ ನಿಲ್ಲಿಸಿರ್ತಿದ್ದರು.

ಕ್ಲಾಪ್ ಆ ಸೀಸನ್ ಕೊನೆಗೆ ತಾವಾಗಿಯೇ ಹೊರಟರು, 2015ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಸೇರಿದರು. ಅಲ್ಲಿನ ಸಂಶೋಧನಾ ವಿಭಾಗದ ಇಯಾನ್ ಗ್ರಹಾಂ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಡಾರ್ಟ್ಮಂಡ್‌ನ ಆ ಸೀಸನ್ ಅನ್ನು ಅವರು ತಮ್ಮ ಮಾದರಿಯಲ್ಲಿ ಲೆಕ್ಕ ಹಾಕಿದ್ದರು. ಹುಟ್ಟುಹಾಕಿದ ಅವಕಾಶಗಳ ಗುಣಮಟ್ಟ ನೋಡಿದರೆ ಡಾರ್ಟ್ಮಂಡ್ ಎರಡನೇ ಸ್ಥಾನದಲ್ಲಿ ಇರಬೇಕಾದ ಟೀಮ್ ಅಂತ ಲೆಕ್ಕ ಹೇಳಿತು. ಮೈನ್ಸ್ ವಿರುದ್ಧ 0-2 ಸೋತ ಮ್ಯಾಚ್ ಬಗ್ಗೆ ಗ್ರಹಾಂ ವಿವರಿಸಿದಾಗ ಕ್ಲಾಪ್, ನೀವು ಆ ಮ್ಯಾಚ್ ನೋಡಿದ್ರಾ ಅಂತ ಉತ್ಸಾಹದಿಂದ ಕೇಳಿದರಂತೆ. ಗ್ರಹಾಂ ಮ್ಯಾಚ್ ನೋಡಿಯೇ ಇರಲಿಲ್ಲ, ಡೇಟಾ ಮಾತ್ರ ನೋಡಿದ್ದರು! ಆಮೇಲಿನದು ನಿಮಗೆ ಗೊತ್ತು: 2019ರಲ್ಲಿ ಚಾಂಪಿಯನ್ಸ್ ಲೀಗ್, 2019-20ರಲ್ಲಿ 99 ಪಾಯಿಂಟ್‌ಗಳೊಂದಿಗೆ ಪ್ರೀಮಿಯರ್ ಲೀಗ್.

ಒಂದು ಕಂಟ್ರೋಲ್ ಗ್ರೂಪ್

ಎರಡು ಕಥೆ ಹೇಳಿ ಸಿದ್ಧಾಂತ ಮಾಡಬಾರದು. ಔಷಧ ಕೆಲಸ ಮಾಡ್ತಾ ಅಂತ ತಿಳಿಯಲು ಔಷಧ ತಗೊಳ್ಳದವರ ಗುಂಪೂ ಬೇಕು. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಮಾಡಿದ್ದು ಇದನ್ನೇ. 1986ರಿಂದ 2004ರವರೆಗಿನ ಡಚ್ ಲೀಗ್ ಮ್ಯಾಚ್‌ಗಳನ್ನು ತಗೊಂಡು, ಮ್ಯಾನೇಜರ್‌ನ ತೆಗೆದ ಟೀಮ್‌ಗಳನ್ನೂ, ಅಷ್ಟೇ ಕೆಟ್ಟದಾಗಿ ಆಡ್ತಿದ್ದರೂ ಮ್ಯಾನೇಜರ್‌ನ ಉಳಿಸಿಕೊಂಡ ಟೀಮ್‌ಗಳನ್ನೂ ಹೋಲಿಸಿದರು.

ತೆಗೆದ ಟೀಮ್‌ಗಳು ಆಮೇಲೆ ಸುಧಾರಿಸಿದವು. ತೆಗೆಯದ ಟೀಮ್‌ಗಳೂ ಅದೇ ಥರ ಸುಧಾರಿಸಿದವು. ಗ್ರಾಫ್‌ನಲ್ಲಿ ಎರಡೂ ಗುಂಪು ಕೆಳಗೆ ಇಳಿದು ಮೇಲೆ ಏರುತ್ತವೆ, ತೆಗೆದದ್ದರಿಂದ ವಿಶೇಷ ಲಾಭ ಕಾಣಲಿಲ್ಲ. ನಾವು ಟಿವಿ ರೂಮಿನಲ್ಲಿ ನೋಡೋದು ಮೊದಲ ಗುಂಪನ್ನು ಮಾತ್ರ. ಎರಡನೆಯದು ಸುದ್ದಿಯಾಗೋಲ್ಲ.

ಐದು ಮ್ಯಾಚ್ ಎಷ್ಟು ಹೇಳುತ್ತೆ?

ಈಗ ಪೆನ್ನು ಹಿಡಿಯಿರಿ. ಒಂದು ಒಳ್ಳೆಯ ಟೀಮ್ ಕಲ್ಪಿಸಿಕೊಳ್ಳಿ. ಪ್ರತಿ ಮ್ಯಾಚ್‌ನಲ್ಲೂ ಗೆಲ್ಲುವ ಸಂಭವನೀಯತೆ 0.5, ಡ್ರಾ 0.25, ಸೋಲು 0.25. ಮ್ಯಾಚ್‌ಗಳು ಒಂದಕ್ಕೊಂದು ಸ್ವತಂತ್ರ ಅಂತ ಇಟ್ಟುಕೊಳ್ಳೋಣ. ನಿಜವಾದ ಲೀಗ್‌ನಲ್ಲಿ ಎದುರಾಳಿ ಬದಲಾಗ್ತಾನೆ, ಆದರೆ ಅಂದಾಜಿಗೆ ಇದು ಸಾಕು.

ಒಂದು ಮ್ಯಾಚ್‌ಗೆ ನಿರೀಕ್ಷಿತ ಪಾಯಿಂಟ್: 3 × 0.5 + 1 × 0.25 = 1.75. ವರ್ಗಗಳ ಸರಾಸರಿ 9 × 0.5 + 1 × 0.25 = 4.75. ಹಾಗಾಗಿ ವೇರಿಯೆನ್ಸ್ 4.75 − 3.06 = 1.69, ಸ್ಟ್ಯಾಂಡರ್ಡ್ ಡೀವಿಯೇಷನ್ 1.3.

38 ಮ್ಯಾಚ್‌ಗೆ ನಿರೀಕ್ಷಿತ ಪಾಯಿಂಟ್ 66.5. ಸ್ಟ್ಯಾಂಡರ್ಡ್ ಡೀವಿಯೇಷನ್ 1.3 × √38, ಅಂದರೆ ಸುಮಾರು 8. ಇದರ ಅರ್ಥ ಏನು? ಟೀಮ್ ಕಿಂಚಿತ್ತೂ ಬದಲಾಗದೆ, ಮ್ಯಾನೇಜರ್ ಕಿಂಚಿತ್ತೂ ಬದಲಾಗದೆ, ಒಂದು ವರ್ಷ 58 ಪಾಯಿಂಟ್, ಇನ್ನೊಂದು ವರ್ಷ 74 ಪಾಯಿಂಟ್ ಬರೋದು ಆಶ್ಚರ್ಯ ಅಲ್ಲ. ಮೊದಲನೆಯದಕ್ಕೆ "ಔಟ್" ಬ್ಯಾನರ್, ಎರಡನೆಯದಕ್ಕೆ ಸಾಮಾನ್ಯವಾಗಿ ಚಾಂಪಿಯನ್ಸ್ ಲೀಗ್ ಟಿಕೆಟ್.

ಇನ್ನೂ ಒಂದು ಲೆಕ್ಕ. ಇದೇ ಟೀಮ್ ಒಂದು ಸೀಸನ್‌ನಲ್ಲಿ ಒಮ್ಮೆಯಾದರೂ ಸತತ ಐದು ಮ್ಯಾಚ್ ಗೆಲ್ಲದೇ ಇರುವ ಸಾಧ್ಯತೆ ಎಷ್ಟು? ಇದು 38 ಸಲ ನಾಣ್ಯ ಚಿಮ್ಮಿದಾಗ ಸತತ ಐದು ಹೆಡ್ ಬರುವ ಲೆಕ್ಕಕ್ಕೆ ಸಮ. ಉತ್ತರ ಸುಮಾರು 45%. ಹೆಚ್ಚುಕಡಿಮೆ ಎರಡು ಸೀಸನ್‌ಗೆ ಒಮ್ಮೆ, ಯಾರ ತಪ್ಪೂ ಇಲ್ಲದೆ, ಒಳ್ಳೆಯ ಟೀಮ್‌ಗೆ "ಬಿಕ್ಕಟ್ಟು" ಬರುತ್ತೆ. ನಂಬಿಕೆ ಬರದಿದ್ದರೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ಲಕ್ಷ ಸೀಸನ್ ಆಡಿಸಿ ನೋಡಿ.

ಹಾಗಾದರೆ ಸೋಲು ಗೆಲುವು ಬಿಟ್ಟು ಏನು ನೋಡಬೇಕು? ಎಕ್ಸ್‌ಪೆಕ್ಟೆಡ್ ಗೋಲ್ಸ್, ಅಂದರೆ ನಿರೀಕ್ಷಿತ ಗೋಲು. ಪ್ರತಿ ಹೊಡೆತಕ್ಕೂ ದೂರ, ಕೋನ ಮೊದಲಾದವನ್ನು ನೋಡಿ ಗೋಲಾಗುವ ಸಂಭವನೀಯತೆ ಕೊಡ್ತಾರೆ. ಪೆನಾಲ್ಟಿಗೆ 0.8ರ ಹತ್ತಿರ, ದೂರದಿಂದ ಒದ್ದ ಹೊಡೆತಕ್ಕೆ ತೀರಾ ಕಡಿಮೆ. ಗೋಲು ಅಪರೂಪದ ಘಟನೆ, ಆದ್ದರಿಂದ ಅದರಲ್ಲಿ ನಾಯ್ಸ್ ಜಾಸ್ತಿ. ಅವಕಾಶಗಳು ಅದಕ್ಕಿಂತ ಹೆಚ್ಚು, ಆದ್ದರಿಂದ ಸಿಗ್ನಲ್ ಬೇಗ ಕಾಣುತ್ತೆ. ಅಷ್ಟೇ ತತ್ವ.

ಹಾಗಿದ್ದರೆ ಮ್ಯಾನೇಜರ್ ಲೆಕ್ಕಕ್ಕೇ ಇಲ್ವಾ?

ಇದೆ. ಇಲ್ಲಿಗೆ ನಿಲ್ಲಿಸಿ "ಎಲ್ಲಾ ಅದೃಷ್ಟ" ಅಂದುಬಿಟ್ಟರೆ ಅದೂ ತಪ್ಪು. 2022ರ ಅಕ್ಟೋಬರ್‌ನಲ್ಲಿ ಆಸ್ಟನ್ ವಿಲ್ಲಾ ಸ್ಟೀವನ್ ಜೆರಾರ್ಡ್ ಅವರನ್ನು ತೆಗೆದು ಉನಾಯ್ ಎಮೆರಿಯನ್ನು ಕರೆತಂದಿತು. ಆಗ ಟೀಮ್ ರೆಲಿಗೇಷನ್ ವಲಯದ ಅಂಚಿನಲ್ಲಿತ್ತು. ಆ ಸೀಸನ್ 7ನೇ ಸ್ಥಾನದಲ್ಲಿ ಮುಗಿಸಿತು, ಮುಂದಿನ ಸೀಸನ್ 4ನೇ ಸ್ಥಾನ. ಐದು ಮ್ಯಾಚ್‌ನ ಜೋಶ್ ಆಗಿದ್ದರೆ ಸರಾಸರಿಗೆ ಮರಳಿತು ಅನ್ನಬಹುದಿತ್ತು. ಒಂದೂವರೆ ಸೀಸನ್‌ಗೂ ಹೆಚ್ಚು ಕಾಲ ಹಳೆಯ ಸರಾಸರಿಗಿಂತ ಮೇಲೆ ನಿಂತರೆ ಅದು ಸರಾಸರಿಯೇ ಬದಲಾದ ಲಕ್ಷಣ.

ಇದಕ್ಕೆ ವಿರುದ್ಧವಾಗಿ ಮ್ಯಾಂಚೆಸ್ಟರ್ ಯುನೈಟೆಡ್ ನೋಡಿ. 2018ರ ಡಿಸೆಂಬರ್‌ನಲ್ಲಿ ಜೋಸೆ ಮೊರಿನ್ಯೋ ಅವರನ್ನು ತೆಗೆದಾಗ ಟೀಮ್ 17 ಮ್ಯಾಚ್‌ಗಳಲ್ಲಿ 26 ಪಾಯಿಂಟ್‌ಗಳೊಂದಿಗೆ 6ನೇ ಸ್ಥಾನದಲ್ಲಿತ್ತು. ಹಂಗಾಮಿಯಾಗಿ ಬಂದ ಓಲೆ ಗುನ್ನಾರ್ ಸೋಲ್‌ಷಾರ್ ಎಲ್ಲ ಟೂರ್ನಿ ಸೇರಿ ಮೊದಲ ಎಂಟೂ ಮ್ಯಾಚ್ ಗೆದ್ದರು. 19ರಲ್ಲಿ 14 ಗೆಲುವು ಬಂದ ಮೇಲೆ ಮಾರ್ಚ್‌ನಲ್ಲಿ ಅವರನ್ನು ಕಾಯಂ ಮಾಡಿದರು. ಆ ಸೀಸನ್‌ನ ಕೊನೆಯ 10 ಮ್ಯಾಚ್‌ಗಳಲ್ಲಿ ಗೆದ್ದಿದ್ದು ಎರಡು. ಟೀಮ್ ಮುಗಿಸಿದ್ದು ಅದೇ 6ನೇ ಸ್ಥಾನದಲ್ಲಿ.

2013ರಲ್ಲಿ ಅಲೆಕ್ಸ್ ಫರ್ಗ್ಯೂಸನ್ ನಿವೃತ್ತರಾದ ಮೇಲೆ ಮೋಯ್ಸ್, ವಾನ್ ಹಾಲ್, ಮೊರಿನ್ಯೋ, ಸೋಲ್‌ಷಾರ್, ಟೆನ್ ಹಾಗ್, ಅಮೊರಿಮ್ ಬಂದರು. ಕೆಲವು ಕಪ್ ಬಂದವು, ಆದರೆ ಲೀಗ್ ಬರಲಿಲ್ಲ. 2024-25ರಲ್ಲಿ 42 ಪಾಯಿಂಟ್, 15ನೇ ಸ್ಥಾನ. ಸರ್ಕ್ಯೂಟ್‌ನಲ್ಲಿ ಒಂದೇ ಐಸಿಯನ್ನು ಆರು ಸಲ ಬದಲಾಯಿಸಿದರೂ ಔಟ್‌ಪುಟ್ ಸರಿಬರದಿದ್ದರೆ ಏಳನೇ ಐಸಿಗೆ ಆರ್ಡರ್ ಮಾಡ್ತೀರಾ, ಇಲ್ಲ ಪವರ್ ಸಪ್ಲೈ ಚೆಕ್ ಮಾಡ್ತೀರಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗಬಾರದು.

ಅದೇ ಫರ್ಗ್ಯೂಸನ್ ಕಥೆಯನ್ನು "ತಾಳ್ಮೆ ಇದ್ದರೆ ಎಲ್ಲರೂ ಗೆಲ್ತಾರೆ" ಅನ್ನೋದಕ್ಕೆ ಬಳಸ್ತಾರೆ. 1989ರ ಡಿಸೆಂಬರ್‌ನಲ್ಲಿ ಅವರು ಹೋಗಲಿ ಅಂತ ಮೈದಾನದಲ್ಲೇ ಬ್ಯಾನರ್ ಹಿಡಿದಿದ್ದರು, ಆ ಸೀಸನ್ ಲೀಗ್‌ನಲ್ಲಿ 13ನೇ ಸ್ಥಾನ. ಆದರೆ 1990ರ ಎಫ್‌ಎ ಕಪ್ ಬಂತು, ಮುಂದೆ 13 ಲೀಗ್ ಪ್ರಶಸ್ತಿ ಬಂದವು. ನಿಜ. ಆದರೆ ತಾಳ್ಮೆಯಿಂದ ಉಳಿಸಿಕೊಂಡೂ ರೆಲಿಗೇಟ್ ಆದ ಟೀಮ್‌ಗಳ ಕಥೆ ಯಾರೂ ಹೇಳೋಲ್ಲ. ಗೆದ್ದವರನ್ನು ಮಾತ್ರ ಎಣಿಸೋದು ಸರ್ವೈವರ್‌ಷಿಪ್ ಬಯಾಸ್.

ನಮ್ಮ ಬೆಂಗಳೂರು ಎಫ್‌ಸಿಯಲ್ಲೂ ಈ ಪ್ರಶ್ನೆ ಬಂದಿದೆ. 2018-19ರಲ್ಲಿ ಐಎಸ್‌ಎಲ್ ಗೆಲ್ಲಿಸಿದ ಕಾರ್ಲೆಸ್ ಕ್ವಾಡ್ರಾಟ್ ಅವರಿಂದ ಕ್ಲಬ್ 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ನಂತರ, ಬೇರೆಯಾಯಿತು. ಸೀಸನ್ ಮುಗಿದಾಗ ಟೀಮ್ 11ರಲ್ಲಿ 7ನೇ ಸ್ಥಾನದಲ್ಲಿತ್ತು. ಅವರು ಇದ್ದಿದ್ದರೆ ಏನಾಗ್ತಿತ್ತು ಅಂತ ಯಾರೂ ಹೇಳಲಾರರು. ಆದರೆ ಮೂರು ಮ್ಯಾಚ್ ಅನ್ನೋದು ಎಷ್ಟು ಸಣ್ಣ ಸ್ಯಾಂಪಲ್ ಅಂತ ಈಗ ನಿಮಗೆ ಗೊತ್ತು.

ಮುಂದಿನ ಜಗಳಕ್ಕೆ ಐದು ಪ್ರಶ್ನೆ

1. ಎಷ್ಟು ಮ್ಯಾಚ್‌ಗಳ ಮೇಲೆ ಮಾತಾಡ್ತಿದ್ದೀವಿ? ಹತ್ತಕ್ಕಿಂತ ಕಡಿಮೆ ಇದ್ದರೆ ದನಿ ತಗ್ಗಿಸಿ.
2. ಹುಟ್ಟುವ ಅವಕಾಶಗಳು ಕಡಿಮೆಯಾಗಿವೆಯೇ, ಇಲ್ಲ ಗೋಲು ಮಾತ್ರ ಬರ್ತಿಲ್ಲವೇ? ಮೊದಲನೆಯದಾದರೆ ಮ್ಯಾನೇಜರ್ ಉತ್ತರ ಕೊಡಬೇಕು.
3. ಸಂಬಳದ ಬಜೆಟ್ ಪ್ರಕಾರ ಟೀಮ್ ಯಾವ ಸ್ಥಾನದಲ್ಲಿ ಇರಬೇಕು? ಅದಕ್ಕೆ ಹೋಲಿಸಿ, ಹಳೆಯ ವೈಭವಕ್ಕೆ ಅಲ್ಲ.
4. ಹಿಂದಿನ ಮ್ಯಾನೇಜರ್‌ಗಳಿಗೂ ಇದೇ ಗತಿ ಆಗಿತ್ತೇ? ಆಗಿದ್ದರೆ ಮೇಲಿನ ಮಹಡಿ ನೋಡಿ.
5. ಇವನ ಬದಲು ಯಾರು? ಈ ಪ್ರಶ್ನೆಗೆ ಉತ್ತರ ಇಲ್ಲದೆ "ಔಟ್" ಅನ್ನೋದು ಅರ್ಧ ವಾಕ್ಯ.

ಕ್ಲಬ್‌ಗಳು ಇಷ್ಟೆಲ್ಲ ಗೊತ್ತಿದ್ದೂ ಮ್ಯಾನೇಜರ್‌ನೇ ಯಾಕೆ ತೆಗೀತಾವೆ? ಸೀಸನ್ ನಡುವೆ 25 ಆಟಗಾರರನ್ನು ಬದಲಾಯಿಸಲು ಆಗೋಲ್ಲ, ಓನರ್ ತನ್ನನ್ನು ತಾನೇ ತೆಗೆದುಕೊಳ್ಳೋಲ್ಲ. ಉಳಿದವನು ಒಬ್ಬನೇ. ರೆಲಿಗೇಟ್ ಆದರೆ ಕೋಟಿಗಟ್ಟಲೆ ಪೌಂಡ್ ಹೋಗುತ್ತೆ, ಆ ಭಯದಲ್ಲಿ ಏನಾದರೂ ಮಾಡಿದೆವು ಅಂತ ತೋರಿಸಬೇಕು. ಲೆಸ್ಟರ್ ಓನರ್‌ಗಳ ಜಾಗದಲ್ಲಿ ನೀವಿದ್ದರೂ ನಿದ್ದೆ ಬರ್ತಿರಲಿಲ್ಲ.

ನಾಳೆ ನಮ್ಮಲ್ಲಿ ಬಹಳ ಜನ ಟೀಮ್ ಲೀಡ್, ಮ್ಯಾನೇಜರ್ ಆಗ್ತೀವಿ. ಒಂದು ಕೆಟ್ಟ ಕ್ವಾರ್ಟರ್ ಬಂದಾಗ ಯಾರದೋ ಕೆಲಸ ಹೋಗುತ್ತೆ. ಅದು ನಮ್ಮದೂ ಇರಬಹುದು, ನಾವೇ ಸಹಿ ಹಾಕಬೇಕಾದ ಇನ್ನೊಬ್ಬರದೂ ಇರಬಹುದು. ಆ ದಿನ ಕೈಯಲ್ಲಿ ಇರುವ ರೀಡಿಂಗ್ ಸಿಗ್ನಲ್ಲೋ ನಾಯ್ಸೋ ಅಂತ ಕೇಳುವ ಅಭ್ಯಾಸ ಇದ್ದರೆ, ಟಿವಿ ರೂಮಿನ ಜಗಳ ದಂಡ ಆಗಲಿಲ್ಲ ಅಂತ ಅರ್ಥ.

ಮನೆಗೆಲಸ: ನಿಮ್ಮ ಇಷ್ಟದ ಟೀಮ್‌ನ ಕಳೆದ ಹತ್ತು ಸೀಸನ್‌ಗಳ ಪಾಯಿಂಟ್ ಬರೆದು ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಮ್ಯಾನೇಜರ್ ಬದಲಾದ ಜಾಗದಲ್ಲಿ ಗೆರೆ ಎಳೆಯಿರಿ. ಗೆರೆಯ ಆಚೆ ಈಚೆ ನಿಜವಾಗಿ ಏನಾದರೂ ಬದಲಾಗಿದೆಯೇ ನೋಡಿ. ಆಮೇಲೆ ಶನಿವಾರ ರಾತ್ರಿ ಟಿವಿ ರೂಮಿಗೆ ಬನ್ನಿ, ಜಗಳ ಮುಂದುವರಿಸೋಣ.